ಪಿತ್ರಾರ್ಜಿತವನ್ನು ಮಾರುವ ಮುನ್ನ



ಹಿರಿಯರು ತೀರಿಕೊಂಡ ಮನೆಯನ್ನು ಖಾಲಿ ಮಾಡುವ ಕೆಲಸ ಇಂದು ನಮ್ಮ ಅನೇಕ ಕುಟುಂಬಗಳ ಪಾಲಿಗೆ ಬಂದಿದೆ. ಮಕ್ಕಳಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ದುಬಾಯಿಯಲ್ಲಿ, ಮತ್ತೊಬ್ಬರು ಕೆನಡಾದಲ್ಲಿ. ಊರಿನ ಹೆಂಚಿನ ಮನೆಯನ್ನು ನೋಡಿಕೊಳ್ಳುವವರಿಲ್ಲ. ಮನೆ ಮಾರುವುದೆಂದು ತೀರ್ಮಾನವಾದ ಮೇಲೆ ಅಟ್ಟದ ಮೇಲಿನ ವಸ್ತುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ತಾಮ್ರದ ಹಂಡೆ, ಬೀಟೆಮರದ ಪೆಟ್ಟಿಗೆ, ಕೀಲಿ ಕೊಡುವ ಗೋಡೆ ಗಡಿಯಾರ, ಮನೆಯ ಪೀಠದ ಮೇಲಿದ್ದ ಮರದ ಶಿಲುಬೆ, ಅಜ್ಜನಿಗೆ ಮಹಾಯುದ್ಧದಲ್ಲಿ ದೊರೆತ ಪದಕಗಳು, ಅವರು ಸೇನೆಯಿಂದ ಮನೆಗೆ ಬರೆದ ಕಾಗದಗಳ ಕಟ್ಟು. ಮೊಮ್ಮಗನು ಮೊಬೈಲಿನಲ್ಲಿ ಅವುಗಳ ಚಿತ್ರ ತೆಗೆದು ಅಂತರ್ಜಾಲದ ಮಾರಾಟ ತಾಣಕ್ಕೆ ಏರಿಸುತ್ತಾನೆ. ಸಂಜೆಯಾಗುವುದರೊಳಗೆ ಮುಖ ಕಾಣದ ಊರಿನ ಸಂಗ್ರಾಹಕನೊಬ್ಬ ಬೆಲೆ ಹೇಳುತ್ತಾನೆ. ಯಾರೂ ಮುಟ್ಟದೆ ಧೂಳು ಹಿಡಿದಿದ್ದ ವಸ್ತುವಿಗೆ ಅಷ್ಟೊಂದು ಹಣವೇ ಎಂದು ಮನೆಯವರು ಬೆರಗಾಗುತ್ತಾರೆ. ಆದರೆ ಅದೇ ಹೊತ್ತಿಗೆ ಮೂಲೆಯಲ್ಲಿ ಕುಳಿತ ವಯಸ್ಸಾದ ಅತ್ತೆಯೊಬ್ಬರು, "ಅದನ್ನೂ ಮಾರಬೇಕೇನಪ್ಪಾ?" ಎಂದು ಕೇಳುತ್ತಾರೆ.

ಆ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳಿವೆ. ಹಳೆಯದನ್ನು ಹಿಡಿದುಕೊಂಡು ಕೂರುವುದು ಭಾವುಕತೆ, ವಸ್ತು ನಮ್ಮದು, ಮಾರುವ ಹಕ್ಕೂ ನಮ್ಮದು ಎನ್ನುವುದು ಒಂದು. ಹಿರಿಯರ ವಸ್ತುವನ್ನು ಮಾರುವವನು ಹಿರಿಯರನ್ನೇ ಮಾರಿದಂತೆ ಎನ್ನುವುದು ಇನ್ನೊಂದು. ಇವೆರಡೂ ಕ್ರೈಸ್ತ ವಿಶ್ವಾಸಿಗೆ ಸಾಲವು. ಆಸ್ತಿಯ ವಿಷಯದಲ್ಲಿ ನಾವು ಮೇಲ್ವಿಚಾರಕರೇ ಹೊರತು ಅಂತಿಮ ಒಡೆಯರಲ್ಲ ಎಂದು ಪವಿತ್ರ ಗ್ರಂಥ ಕಲಿಸುತ್ತದೆ. ಆದುದರಿಂದ ಮಾರಬಹುದೇ, ಮಾರಬಾರದೇ ಎಂದು ಕೇಳುವ ಮೊದಲು, ನಮ್ಮ ಕೈಗೆ ಬಂದಿರುವ ವಸ್ತುವಿನಲ್ಲಿ ನಮ್ಮದು ಎಷ್ಟು, ನಮಗೆ ಕೇವಲ ವಹಿಸಿಕೊಟ್ಟದ್ದು ಎಷ್ಟು ಎಂದು ಕೇಳಿಕೊಳ್ಳಬೇಕಾಗಿದೆ.

ಮೊದಲನೆಯದಾಗಿ, ಮಾರುವುದೇ ಪಾಪವೆಂಬ ಅಂಜಿಕೆಯನ್ನು ಬಿಡೋಣ. 378ರಲ್ಲಿ ಏಡ್ರಿಯಾನೋಪಲ್ ಎಂಬಲ್ಲಿ ರೋಮ್ ಸಾಮ್ರಾಜ್ಯದ ಸೇನೆ ಗೋತರ ಕೈಯಲ್ಲಿ ಸೋತಾಗ ಸಾವಿರಾರು ಜನರು ಸೆರೆ ಸಿಕ್ಕಿದರು. ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಅಂಬ್ರೋಸರು ದೇವಾಲಯದ ಪವಿತ್ರ ಪಾತ್ರೆಗಳನ್ನು ಕರಗಿಸಿ, ಆ ಹಣದಿಂದ ಸೆರೆಯಾಳುಗಳನ್ನು ಬಿಡಿಸಿದರು. ವಿರೋಧಿಗಳು ಇದನ್ನು ದೊಡ್ಡ ಅಪರಾಧವೆಂಬಂತೆ ಟೀಕಿಸಿದಾಗ, ದೇವಾಲಯದ ಚಿನ್ನವಿರುವುದು ಕೂಡಿಡಲಿಕ್ಕಲ್ಲ, ಕಷ್ಟದಲ್ಲಿರುವವರಿಗೆ ಖರ್ಚು ಮಾಡಲಿಕ್ಕೆ ಎಂಬ ಅರ್ಥದ ಉತ್ತರವನ್ನು ಅವರು ಬರೆದಿಟ್ಟಿದ್ದಾರೆ. ಪೂಜಾಪಾತ್ರೆಯನ್ನೇ ಮನುಷ್ಯನ ಜೀವಕ್ಕಾಗಿ ಕೊಡಬಹುದಾದರೆ, ತಾಯಿಯ ಆಸ್ಪತ್ರೆಯ ಖರ್ಚಿಗಾಗಿ ಅಜ್ಜನ ಗಡಿಯಾರವನ್ನು ಮಾರಿದ ಮಗನು ತಲೆ ತಗ್ಗಿಸಬೇಕಾಗಿಲ್ಲ. ಹಾಗೆ ಮಾರಿದ್ದಕ್ಕೆ ಅವನನ್ನು ಆಡಿಕೊಳ್ಳುವ ನೆಂಟರೇ ತಲೆ ತಗ್ಗಿಸಬೇಕು.

ಆದರೆ ಬಡವರ ಹೆಸರು, ಅಗತ್ಯದ ಹೆಸರು ಯಾವಾಗಲೂ ಪ್ರಾಮಾಣಿಕವಾಗಿರುವುದಿಲ್ಲ. ಬೆಥಾನಿಯದಲ್ಲಿ ಮರಿಯಳು ಬೆಲೆಬಾಳುವ ಸುಗಂಧ ತೈಲವನ್ನು ಯೇಸುಸ್ವಾಮಿಯ ಪಾದಗಳಿಗೆ ಹಚ್ಚಿದಾಗ, ಅದನ್ನು ಮುನ್ನೂರು ನಾಣ್ಯಗಳಿಗೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಲೆಕ್ಕ ಹಾಕಿದವನು ಯೂದನೆಂದು ಸಂತ ಯೊವಾನ್ನರ ಶುಭಸಂದೇಶ ಹೇಳುತ್ತದೆ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವನ ಮನಸ್ಸು ಬೇರೆಡೆಗಿತ್ತು. ಆದ್ದರಿಂದ ಮಾರಲು ಹೊರಟವರು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು. ನಿಜವಾದ ಅಗತ್ಯವಿದೆಯೇ? ಅಥವಾ ಮನೆಗೆ ಹೊಸ ಸೋಫಾ ಬರಬೇಕೆಂಬ ಆತುರವೇ? ಬಂದ ಹಣದಲ್ಲಿ ಒಡಹುಟ್ಟಿದವರ ಪಾಲು ಎಷ್ಟು? ಕೊನೆಯ ವರ್ಷಗಳಲ್ಲಿ ಆ ಹಿರಿಯರ ಹಾಸಿಗೆಯ ಬಳಿ ಕುಳಿತು ಸೇವೆ ಮಾಡಿದ ಸೊಸೆಗೆ ಏನು ಸಲ್ಲಬೇಕು? ಸೋದರನೊಂದಿಗೆ ಆಸ್ತಿ ಪಾಲು ಮಾಡಿಸಿಕೊಡಿ ಎಂದು ಕೇಳಿಬಂದವನಿಗೆ ಯೇಸುಸ್ವಾಮಿ ಆಸ್ತಿಯನ್ನು ಪಾಲು ಮಾಡಿಕೊಡಲಿಲ್ಲ. ದುರಾಶೆಯ ಬಗ್ಗೆ ಎಚ್ಚರಿಸಿದರು. ಅಂತಹ ಪಾಲಿನ ಜಗಳಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ನಡೆಯುತ್ತಿವೆ.

ಹಳೆಯ ಒಡಂಬಡಿಕೆಯಲ್ಲಿ ನಾಬೋತನ ಕಥೆ ನಿಮಗೆ ಗೊತ್ತಿದೆ. ಅಹಾಬ ಅರಸನು ಅವನ ದ್ರಾಕ್ಷಿತೋಟಕ್ಕೆ ನ್ಯಾಯವಾದ ಬೆಲೆಯನ್ನೇ ಕೊಡಲು ಸಿದ್ಧನಿದ್ದ, ಅದಕ್ಕಿಂತ ಒಳ್ಳೆಯ ತೋಟವನ್ನೂ ಕೊಡುವೆನೆಂದ. ನಾಬೋತನು ಬೆಲೆಯ ಮಾತನ್ನೇ ಎತ್ತಲಿಲ್ಲ. ಅದು ಪಿತೃಗಳಿಂದ ಬಂದ ಸ್ವತ್ತು, ಅದನ್ನು ಕೊಡುವುದು ದೇವರಿಗೆ ಒಪ್ಪದ ಕಾರ್ಯ ಎಂಬುದಷ್ಟೇ ಅವನ ಉತ್ತರ. ಆ ಉತ್ತರಕ್ಕಾಗಿ ಅವನು ಪ್ರಾಣವನ್ನೇ ತೆತ್ತ. ಹಾಗೆಂದು ಬಡವನು ಭೂಮಿಯನ್ನು ಮಾರಲೇಬಾರದೆಂದು ಆ ಧರ್ಮಶಾಸ್ತ್ರ ವಿಧಿಸಿರಲಿಲ್ಲ. ಯಾಜಕಕಾಂಡದ 25ನೆಯ ಅಧ್ಯಾಯದ ಪ್ರಕಾರ ಬಡತನದಿಂದ ಒಬ್ಬನು ತನ್ನ ಸ್ವತ್ತನ್ನು ಮಾರಬೇಕಾಗಿ ಬಂದರೆ, ಅದನ್ನು ಬಿಡಿಸಿಕೊಳ್ಳುವ ಹೊಣೆ ಹತ್ತಿರದ ಬಂಧುವಿನದು. ಇದರಲ್ಲಿ ನಮಗೊಂದು ಸರಳ ನಿಯಮ ಸಿಗುತ್ತದೆ. ಮನೆತನದ ವಸ್ತುವಿನ ಚಿತ್ರವನ್ನು ಅಪರಿಚಿತರಿಗೆ ತೋರಿಸುವ ಮೊದಲು ಬಂಧುಗಳಿಗೆ ತೋರಿಸಬೇಕು. ಅಣ್ಣನಿಗೆ ಬೇಡವಾದದ್ದು ಸೋದರತ್ತೆಯ ಮಗಳಿಗೆ ಬೇಕಾಗಿರಬಹುದು. ಒಂದು ವಾಟ್ಸಾಪ್ ಸಂದೇಶ ಸಾಕು, ಒಂದು ತಿಂಗಳ ತಾಳ್ಮೆ ಸಾಕು. ಮಾರಿದ ಮೇಲೆ ತಿಳಿದ ಸುದ್ದಿಯಿಂದ ಮುರಿದುಹೋದ ಸಂಬಂಧವನ್ನು ಕೂಡಿಸಲು ವರ್ಷಗಳೇ ಬೇಕಾಗುತ್ತವೆ.

ಮನೆಯ ಪೀಠದ ಮೇಲಿನ ವಸ್ತುಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಆಶೀರ್ವದಿಸಿದ ಪವಿತ್ರ ವಸ್ತುಗಳು ಖಾಸಗಿ ವ್ಯಕ್ತಿಗಳ ಒಡೆತನದಲ್ಲಿದ್ದರೂ ಅವುಗಳನ್ನು ಗೌರವದಿಂದ ಕಾಣಬೇಕು, ಲೌಕಿಕವಾದ ಅಥವಾ ತಕ್ಕುದಲ್ಲದ ಬಳಕೆಗೆ ಒಡ್ಡಬಾರದು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1171ನೆಯ ವಿಧಿ ಹೇಳುತ್ತದೆ. 1190ನೆಯ ವಿಧಿ ಸಂತರ ಪವಿತ್ರ ಅವಶೇಷಗಳ ಮಾರಾಟವನ್ನು ಸಂಪೂರ್ಣವಾಗಿ ನಿಷೇಧಿಸುತ್ತದೆ. ಸಣ್ಣ ಗಾಜಿನ ಡಬ್ಬಿಯಲ್ಲಿ ಅಜ್ಜಿ ಇಟ್ಟುಕೊಂಡಿದ್ದ ಅವಶೇಷಕ್ಕೆ ಎಷ್ಟೇ ಬೆಲೆ ಬಂದರೂ ಉತ್ತರ ಒಂದೇ, ಅದು ಮಾರಾಟದ ವಸ್ತುವಲ್ಲ. ಇನ್ನು ಶಿಲುಬೆ, ಜಪಮಾಲೆ, ಮಾತೆ ಮರಿಯಮ್ಮನವರ ಸ್ವರೂಪ ಇವು ಹೋಟೆಲಿನ ಗೋಡೆಯ ಅಲಂಕಾರಕ್ಕೆ ಹೋಗುವುದಾದರೆ ಅದು ತಕ್ಕ ಬಳಕೆಯಲ್ಲ. ಅವುಗಳನ್ನು ಪ್ರಾರ್ಥಿಸುವ ಇನ್ನೊಂದು ಮನೆಗೆ, ಒಂದು ಕನ್ಯಾಮಠಕ್ಕೆ, ಹೊಸದಾಗಿ ಕಟ್ಟಿದ ಪ್ರಾರ್ಥನಾಲಯಕ್ಕೆ ಕೊಡಬಹುದು. ಮನೆತನದಲ್ಲಿ ಗುರುವೊಬ್ಬರಿದ್ದು ಅವರ ಪೂಜಾಪಾತ್ರೆ ಉಳಿದಿದ್ದರೆ ಧರ್ಮಾಧ್ಯಕ್ಷರ ಕಚೇರಿಗೆ ತಿಳಿಸಿ. ಹೊಸದಾಗಿ ಗುರುದೀಕ್ಷೆ ಪಡೆಯುವ ಯುವಕನ ಕೈಯಲ್ಲಿ ಅದು ಮತ್ತೆ ಬಲಿಪೂಜೆಗೆ ಒದಗಬಲ್ಲದು. ಪವಿತ್ರ ಪಾತ್ರೆಗಳನ್ನು ಅಗತ್ಯಕ್ಕಾಗಿ ಮಾರಬೇಕಾಗಿ ಬಂದರೆ, ಮೊದಲು ಪ್ರಾರ್ಥನೆ ಮಾಡಿ ಅವುಗಳನ್ನು ಒಡೆದು, ಬರಿಯ ಲೋಹವನ್ನಾಗಿ ಮಾರಬಹುದೆಂದು ಸಂತ ತೋಮಸ್ ಅಕ್ವಿನಾಸರು ವಿವರಿಸುತ್ತಾರೆ. ಇಲ್ಲಿನ ವಿವೇಕವನ್ನು ಗಮನಿಸಿ. ಲೋಹಕ್ಕೆ ಬೆಲೆಯುಂಟು, ಅದನ್ನು ಮಾರಬಹುದು. ಅದಕ್ಕೆ ಸೇರಿದ ಪವಿತ್ರತೆಗೆ ಬೆಲೆ ಕಟ್ಟುವಂತಿಲ್ಲ.

ಈಗ ಯುದ್ಧದ ಪದಕಗಳಿಗೆ ಬರೋಣ. ಮೊದಲನೆಯ ಮಹಾಯುದ್ಧದಲ್ಲಿ 10 ಲಕ್ಷಕ್ಕೂ ಹೆಚ್ಚು ಭಾರತೀಯರು ಸಾಗರೋತ್ತರ ರಣರಂಗಗಳಲ್ಲಿ ಸೇವೆ ಸಲ್ಲಿಸಿದರು. ಅವರಲ್ಲಿ ಸುಮಾರು 74,000 ಮಂದಿ ಮರಳಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಭಾರತೀಯ ಸೇನೆಯ ಸಂಖ್ಯೆ 25 ಲಕ್ಷವನ್ನು ಮುಟ್ಟಿತು, ಸುಮಾರು 87,000 ಮಂದಿ ಮಡಿದರು. ಬೆಂಗಳೂರಿನಲ್ಲಿ ನೆಲೆಯಿದ್ದ ಮದರಾಸು ಸ್ಯಾಪರ್ಸ್ ಪಡೆಗೆ ದಕ್ಷಿಣದ ಊರುಗಳಿಂದ ಸೇರಿದವರಲ್ಲಿ ಕ್ರೈಸ್ತರೂ ಇದ್ದರು. ಇಂತಹವರ ಪೆಟ್ಟಿಗೆಗಳಲ್ಲಿದ್ದ ಪದಕಗಳೇ ಇಂದು ಮಾರಾಟ ತಾಣಗಳಲ್ಲಿ ಕಾಣಿಸಿಕೊಳ್ಳುತ್ತಿವೆ.

ಆ ಪದಕವನ್ನು ಕೈಗೆ ತೆಗೆದುಕೊಂಡು ಅಂಚನ್ನು ನೋಡಿ. ಮೊದಲ ಮಹಾಯುದ್ಧದ ಬೆಳ್ಳಿಯ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ ಇವೆಲ್ಲ ಅಚ್ಚಾಗಿರುತ್ತವೆ. ಎರಡನೆಯ ಮಹಾಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಡಲಾಯಿತು, ಭಾರತೀಯ ಸೇನೆಯವರಿಗೆ ಹೆಸರು ಅಚ್ಚು ಮಾಡಿ ಕೊಡಲಾಯಿತು. ಮೊದಲ ಯುದ್ಧದಲ್ಲಿ ಮಡಿದವರ ಕುಟುಂಬಗಳಿಗೆ ಸುಮಾರು 12 ಸೆಂಟಿಮೀಟರ್ ಅಗಲದ ಕಂಚಿನ ಸ್ಮಾರಕ ಫಲಕವೊಂದನ್ನು ಕಳುಹಿಸಲಾಗುತ್ತಿತ್ತು. ಅಂತಹ 13 ಲಕ್ಷಕ್ಕೂ ಹೆಚ್ಚು ಫಲಕಗಳು ಸಿದ್ಧವಾದವು. ಅದರಲ್ಲಿ ಹೆಸರು ಮಾತ್ರ ಇದೆ, ದರ್ಜೆ ಇಲ್ಲ. ಪ್ರಾಣ ಕೊಟ್ಟವರಲ್ಲಿ ಮೇಲು ಕೀಳು ಇರಬಾರದೆಂದು ಬೇಕೆಂದೇ ದರ್ಜೆಯನ್ನು ಬಿಟ್ಟಿದ್ದರು. ಸೇನಾಧಿಕಾರಿಯ ತಾಯಿಗೂ ಸಾಮಾನ್ಯ ಸಿಪಾಯಿಯ ತಾಯಿಗೂ ಸಿಕ್ಕಿದ್ದು ಅದೇ ಕಂಚು, ಅದೇ ಗಾತ್ರ.

1980ರ ಸುಮಾರಿಗೆ ಬೆಳ್ಳಿಯ ಬೆಲೆ ಒಮ್ಮೆಲೇ ಗಗನಕ್ಕೇರಿದಾಗ, ಮೊದಲ ಯುದ್ಧದ ಬೆಳ್ಳಿ ಪದಕಗಳು ದೊಡ್ಡ ಸಂಖ್ಯೆಯಲ್ಲಿ ಕುಲುಮೆಗೆ ಹೋದವು. ಪದಕವಾಗಿ ಅವುಗಳಿಗಿದ್ದ ಬೆಲೆಗಿಂತ ಬೆಳ್ಳಿಯಾಗಿ ಬರುವ ಬೆಲೆಯೇ ಹೆಚ್ಚಾಗಿತ್ತು. ಮಾರಿದವರು ಕೆಟ್ಟವರೆಂದು ನಾನು ಹೇಳಲಾರೆ. ಆದರೆ ಒಬ್ಬ ಮನುಷ್ಯನ ಹೆಸರು ಈ ಭೂಮಿಯ ಮೇಲೆ ಲೋಹದಲ್ಲಿ ಉಳಿದಿದ್ದ ಏಕೈಕ ಸ್ಥಳ ಅದಾಗಿದ್ದಿರಬಹುದು. ದೇವರು ಪ್ರತಿಯೊಬ್ಬನನ್ನೂ ಹೆಸರು ಹಿಡಿದು ಕರೆಯುತ್ತಾರೆ ಎಂದು ನಂಬುವ ನಮಗೆ ಹೆಸರು ಸಣ್ಣ ವಿಷಯವಲ್ಲ. ಜ್ಞಾನಸ್ನಾನದಲ್ಲಿ ನಾವು ಮೊದಲು ಕೇಳುವುದೇ ಮಗುವಿನ ಹೆಸರನ್ನು. ಪದಕ ಮನೆಯಿಂದ ಹೋಗುವುದಾದರೆ ಆ ಹೆಸರಾದರೂ ಮನೆಯಲ್ಲಿ ಉಳಿಯಲಿ.

ಇಷ್ಟರವರೆಗೆ ಹೇಳಿದ್ದು ನಮ್ಮ ಹಿರಿಯರ ಸ್ವಂತ ವಸ್ತುಗಳ ಬಗ್ಗೆ. ಯುದ್ಧದಿಂದ ಮನೆಗೆ ಬಂದ ವಸ್ತುಗಳೆಲ್ಲವೂ ಅಂತಹವಲ್ಲ. 1944ರಲ್ಲಿ ಇಂಫಾಲ್ ಮತ್ತು ಕೊಹಿಮಾದಲ್ಲಿ, ಆ ಬಳಿಕ ಬರ್ಮಾದಲ್ಲಿ ನಡೆದ ಘೋರ ಕದನಗಳಲ್ಲಿ ಜಪಾನಿನ ಸೈನಿಕರು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಅವರಲ್ಲಿ ಅನೇಕರು ಊರು ಬಿಡುವಾಗ ಮನೆಯವರು, ನೆರೆಯವರು, ಗೆಳೆಯರು ತಮ್ಮ ಹೆಸರುಗಳನ್ನೂ ಹಾರೈಕೆಗಳನ್ನೂ ಬರೆದುಕೊಟ್ಟ ಧ್ವಜವನ್ನು ಮಡಿಚಿ ಮೈಗೆ ತಾಗುವಂತೆ ಇಟ್ಟುಕೊಳ್ಳುತ್ತಿದ್ದರು. ಯುದ್ಧದ ಎಲ್ಲ ರಂಗಗಳಲ್ಲೂ ಗೆದ್ದ ಕಡೆಯ ಸೈನಿಕರು ಅಂತಹ ಧ್ವಜಗಳನ್ನು ಸತ್ತವರ ಮೈಮೇಲಿಂದ ತೆಗೆದುಕೊಂಡು ನೆನಪಿಗಾಗಿ ಮನೆಗೆ ತಂದರು. ಸತ್ತವರ ಬಳಿ ದೊರೆತ ಸ್ವಂತ ವಸ್ತುಗಳನ್ನು ಸಂಗ್ರಹಿಸಿ ಅವರ ಕಡೆಗೆ ಮುಟ್ಟಿಸಬೇಕೆಂದು 1929ರ ಜಿನೀವಾ ಒಪ್ಪಂದ ಹೇಳಿತ್ತು. ಆದರೆ ಯುದ್ಧದ ಬಿಸಿಯಲ್ಲಿ ಅದನ್ನು ನೆನೆದವರು ಕಡಿಮೆ. ಇಂದು ಆ ಧ್ವಜಗಳಿಗೂ ಖಡ್ಗಗಳಿಗೂ ಸಂಗ್ರಾಹಕರ ನಡುವೆ ಒಳ್ಳೆಯ ಬೆಲೆಯಿದೆ.

ನೈತಿಕ ದೈವಶಾಸ್ತ್ರದಲ್ಲಿ ಒಂದು ಹಳೆಯ ಲತೀನ್ ಸೂತ್ರವಿದೆ. ವಸ್ತು ತನ್ನ ಒಡೆಯನಿಗಾಗಿ ಕೂಗುತ್ತಿರುತ್ತದೆ ಎಂಬುದು ಅದರ ಅರ್ಥ. ಅಜ್ಜನಿಂದ ಅದು ಕೈಗೆ ಬಂದ ಮೊಮ್ಮಗನು ಯಾವ ತಪ್ಪನ್ನೂ ಮಾಡಿಲ್ಲ, ಸದ್ಭಾವದಿಂದಲೇ ಇಟ್ಟುಕೊಂಡಿದ್ದಾನೆ. ಆದರೆ ಅದು ಇನ್ನೊಬ್ಬ ತಾಯಿ ತನ್ನ ಮಗನಿಗೆ ಕೊಟ್ಟದ್ದೆಂದು ತಿಳಿದ ದಿನದಿಂದ ಅವನ ಹೊಣೆ ಬದಲಾಗುತ್ತದೆ. ಬರ್ಮಾದಲ್ಲಿ ಮಡಿದ ಸೈನಿಕನೊಬ್ಬನ ಧ್ವಜ 2007ರಲ್ಲಿ ಜಪಾನಿನಲ್ಲಿದ್ದ ಅವನ ಕುಟುಂಬಕ್ಕೆ ಮರಳಿತು. ಅವನ ಮೊಮ್ಮಗಳೂ ಆಕೆಯ ಪತಿಯೂ ಸೇರಿ 2009ರಲ್ಲಿ ಅಮೆರಿಕಾದ ಓರೆಗಾನ್ ರಾಜ್ಯದಲ್ಲಿ ಓಬಾನ್ ಸೊಸೈಟಿ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಂದಿನಿಂದ ನೂರಾರು ಧ್ವಜಗಳು ಆ ಸಂಸ್ಥೆಯ ಮೂಲಕ ಮನೆ ಸೇರಿವೆ. ಮೂಳೆಯೂ ಮರಳಿ ಬಾರದ ಮನೆಗೆ ಮಗನ ಮೈಗೆ ತಾಗಿದ್ದ ಬಟ್ಟೆಯೊಂದು ಬಂದರೆ ಏನಾಗುತ್ತದೆಂದು ಯೋಚಿಸಿ. ವೈರಿಗಳನ್ನು ಪ್ರೀತಿಸಿರಿ ಎಂಬ ಪ್ರಭುವಿನ ಮಾತನ್ನು ಪಾಲಿಸಲು ಇಷ್ಟು ಸ್ಪಷ್ಟವಾದ ಅವಕಾಶ ಸಾಮಾನ್ಯ ಕುಟುಂಬಕ್ಕೆ ಪದೇ ಪದೇ ಸಿಗುವುದಿಲ್ಲ.

ಇನ್ನು ಕೊಳ್ಳುವವನ ಬಗ್ಗೆ ಒಂದು ಮಾತು. ಸಂಗ್ರಾಹಕನನ್ನು ಕಳ್ಳನೆಂಬಂತೆ ನೋಡುವುದು ನ್ಯಾಯವಲ್ಲ. ಮೊಮ್ಮಕ್ಕಳು ಗುಜರಿಗೆ ಹಾಕುತ್ತಿದ್ದ ಪದಕವನ್ನು ಕೊಂಡು, ಅಂಚಿನ ಹೆಸರನ್ನು ಹಿಡಿದು ದಾಖಲೆಗಳನ್ನು ಹುಡುಕಿ, ಆ ಸೈನಿಕನು ಎಲ್ಲಿ ಹೋರಾಡಿದ, ಎಲ್ಲಿ ಸತ್ತ ಎಂಬುದನ್ನು ಪತ್ತೆ ಹಚ್ಚಿದ ಸಂಗ್ರಾಹಕರು ಅನೇಕರಿದ್ದಾರೆ. ಆದರೆ ಕೆಲವು ವ್ಯಾಪಾರಿಗಳು ಒಂದೇ ಸೈನಿಕನ ಪದಕಗಳನ್ನು ಬಿಡಿಬಿಡಿಯಾಗಿ, ಒಂದೇ ಆಲ್ಬಮಿನ ಚಿತ್ರಗಳನ್ನು ಕಿತ್ತು ಒಂದೊಂದಾಗಿ ಮಾರುತ್ತಾರೆ, ಏಕೆಂದರೆ ಹಾಗೆ ಮಾರಿದರೆ ಲಾಭ ಹೆಚ್ಚು. ಚದುರಿಹೋದದ್ದನ್ನು ಮತ್ತೆ ಒಂದುಗೂಡಿಸುವುದು ಬಹಳ ಕಷ್ಟ. ಮಾರುವುದೇ ಆದರೆ ಎಲ್ಲವನ್ನೂ ಒಟ್ಟಾಗಿ, ಅವುಗಳ ಕಥೆಯನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಟ್ಟು ಮಾರಿ.

ಬೆಲೆಯ ವಿಷಯದಲ್ಲಿ ಸಂತ ಅಕ್ವಿನಾಸರ ಮೂರು ಮಾತುಗಳು ಇಂದಿಗೂ ಉಪಯುಕ್ತ. ಮಾರುವವನಿಗೆ ಆ ವಸ್ತುವನ್ನು ಅಗಲುವುದರಿಂದ ನಷ್ಟವಾಗುವುದಾದರೆ ಆ ನಷ್ಟವನ್ನು ಬೆಲೆಯಲ್ಲಿ ಸೇರಿಸಬಹುದು, ಆದರೆ ಕೊಳ್ಳುವವನ ಅಗತ್ಯವನ್ನು ನೋಡಿ ಬೆಲೆ ಏರಿಸಬಾರದು, ಏಕೆಂದರೆ ಆ ಅಗತ್ಯ ಮಾರುವವನ ಸ್ವತ್ತಲ್ಲ. ವಸ್ತುವಿನ ದೋಷವನ್ನು ಮುಚ್ಚಿಟ್ಟು ಮಾರುವುದು ಮೋಸ. ನಿನ್ನೆ ಮಾಡಿದ ಹಿತ್ತಾಳೆ ದೀಪಕ್ಕೆ ಹುಣಸೆಹುಳಿ, ಮಸಿ ಬಳಿದು ಇನ್ನೂರು ವರ್ಷದ್ದೆನ್ನುವವರು ಇದನ್ನು ಗಮನಿಸಬೇಕು. ಮೂರನೆಯದು ಕೊಳ್ಳುವವನಿಗೆ ಸೇರಿದ್ದು. ಮಾರುವವನು ತಿಳಿಯದೆ ಚಿನ್ನವನ್ನು ಹಿತ್ತಾಳೆಯೆಂದು ಕೊಟ್ಟರೆ, ಅದನ್ನು ತಿಳಿದೂ ತಿಳಿಯದಂತೆ ಕೊಂಡವನು ಅನ್ಯಾಯ ಮಾಡಿದಂತೆ, ಅವನು ಅದನ್ನು ಸರಿಪಡಿಸಲೇಬೇಕು. ಒಂಟಿಯಾಗಿರುವ ಮುದುಕಿಯ ಮನೆಯಿಂದ ಕಂಚಿನ ಹಳೆಯ ಪಾತ್ರೆಗಳನ್ನು ಕಿಲೋ ಲೆಕ್ಕದಲ್ಲಿ ಕೊಂಡೊಯ್ಯುವ ನಮ್ಮವರೇ ಆದ ಜಾಣರಿಗೂ ಈ ಮಾತು ಸಲ್ಲುತ್ತದೆ.

ದೇಶದ ಕಾನೂನೂ ಇದೆ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ಸಂಪತ್ತಿನ ಕಾಯಿದೆಯಂತೆ ಕನಿಷ್ಠ 100 ವರ್ಷ ಹಳೆಯದಾದ ಕಲಾಕೃತಿ, ಕರಕುಶಲ ವಸ್ತು, ಐತಿಹಾಸಿಕ ಮಹತ್ವದ ವಸ್ತುಗಳು ಪ್ರಾಚೀನ ವಸ್ತುಗಳೆನಿಸುತ್ತವೆ. ಬೆಲೆಬಾಳುವ ಹಸ್ತಪ್ರತಿ, ದಾಖಲೆಗಳಿಗೆ ಈ ಅವಧಿ 75 ವರ್ಷ. ಅಂತಹವುಗಳನ್ನು ಖಾಸಗಿ ವ್ಯಕ್ತಿ ಹೊರದೇಶಕ್ಕೆ ಕಳುಹಿಸುವಂತಿಲ್ಲ, ಕಳುಹಿಸಿದರೆ ಸೆರೆವಾಸದ ಶಿಕ್ಷೆಯುಂಟು. ಮೊದಲ ಮಹಾಯುದ್ಧದ ಪದಕಗಳಿಗೂ ಈಗ ನೂರು ವರ್ಷ ಕಳೆದಿದೆ. ಕೈಸರನದನ್ನು ಕೈಸರನಿಗೆ ಕೊಡಬೇಕಾದ ನಾವು ವಿದೇಶದ ವಿಳಾಸಕ್ಕೆ ಪಾರ್ಸೆಲ್ ಕಟ್ಟುವ ಮುನ್ನ ಪುರಾತತ್ವ ಇಲಾಖೆಯವರನ್ನು ವಿಚಾರಿಸುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ವಿಷಯ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಮಾರಾಟ ನಡೆಯುವುದು ಕೊನೆಯಲ್ಲಿ. ಅದಕ್ಕಿಂತ ಬಹಳ ಮೊದಲೇ ಮರೆವು ನಡೆದುಹೋಗಿರುತ್ತದೆ. ಪದಕ ಯಾರದೆಂದು ಗೊತ್ತಿಲ್ಲದ ಮಕ್ಕಳಿಗೆ ಅದು ಬರಿಯ ಲೋಹವಾಗಿ ಕಂಡರೆ ತಪ್ಪು ಅವರೊಬ್ಬರದೇ ಅಲ್ಲ, ಹೇಳದೆ ಹೋದ ನಮ್ಮದೂ ಹೌದು. ಇಸ್ರಯೇಲರು ಜೋರ್ಡಾನ್ ನದಿಯನ್ನು ದಾಟಿದಾಗ ನದಿಯೊಳಗಿಂದ ಹನ್ನೆರಡು ಕಲ್ಲುಗಳನ್ನು ತಂದು ನಿಲ್ಲಿಸಿದರು. ಮುಂದೆ ಮಕ್ಕಳು ಈ ಕಲ್ಲುಗಳ ಅರ್ಥವೇನೆಂದು ಕೇಳಿದಾಗ ತಂದೆತಾಯಿಗಳು ಉತ್ತರ ಹೇಳಬೇಕೆಂದು ಯೆಹೋಶುವನು ವಿಧಿಸಿದನು. ಆ ಕಲ್ಲುಗಳನ್ನು ಯಾರೂ ಕೊಳ್ಳುತ್ತಿರಲಿಲ್ಲ, ಬೆಲೆಯಿದ್ದದ್ದು ಆ ಉತ್ತರಕ್ಕೆ. ಮಕ್ಕಳ ಪ್ರಶ್ನೆಯೂ ಹಿರಿಯರ ಉತ್ತರವೂ ನಿಂತುಹೋದ ಮನೆಯಲ್ಲಿ ವಸ್ತುಗಳನ್ನು ಬೀಗ ಹಾಕಿ ಇಟ್ಟರೂ ಅವು ಉಳಿದಂತಲ್ಲ.

ಆದ್ದರಿಂದ, ಪ್ರಿಯರೇ, ನಿಮ್ಮ ಮನೆಯ ಹಿರಿಯರು ಇನ್ನೂ ಮಾತನಾಡಬಲ್ಲವರಾಗಿರುವಾಗಲೇ ಒಂದು ಭಾನುವಾರ ಮಧ್ಯಾಹ್ನ ಆ ಪೆಟ್ಟಿಗೆಯನ್ನು ಅವರ ಮುಂದಿಟ್ಟು ತೆರೆಯಿರಿ. ಒಂದೊಂದು ವಸ್ತುವನ್ನೂ ಅವರ ಕೈಗೆ ಕೊಟ್ಟು, ಇದು ಯಾರದು, ಎಲ್ಲಿಂದ ಬಂತು ಎಂದು ಕೇಳಿ. ಮಕ್ಕಳು ಪಕ್ಕದಲ್ಲಿ ಕುಳಿತು ಬರೆದುಕೊಳ್ಳಲಿ. ಪದಕದ ಅಂಚಿನಲ್ಲಿರುವ ಹೆಸರನ್ನು ಕುಟುಂಬದ ಬೈಬಲಿನ ಮೊದಲ ಪುಟದಲ್ಲಿ ಬರೆದಿಡಿ. ನವೆಂಬರ್ 2ರಂದು ಮೃತರ ಸ್ಮರಣೆಯ ಬಲಿಪೂಜೆಗೆ ಹೆಸರುಗಳನ್ನು ಕೊಡುವಾಗ ಅದನ್ನೂ ಸೇರಿಸಿ. ನಿಮ್ಮದಲ್ಲದ್ದೇನಾದರೂ ಪೆಟ್ಟಿಗೆಯಲ್ಲಿದ್ದರೆ ಅದನ್ನು ಬೇರೆಯಾಗಿ ತೆಗೆದಿಟ್ಟು, ಮರಳಿಸುವ ದಾರಿಯನ್ನು ವಿಚಾರಿಸಿ. ಇಷ್ಟನ್ನು ಮಾಡಿದ ಬಳಿಕ ಬಂಧುಗಳೆಲ್ಲರ ಒಪ್ಪಿಗೆಯಿಂದ, ನಿಜವಾದ ಅಗತ್ಯಕ್ಕಾಗಿ, ಉಳಿದದ್ದರಲ್ಲಿ ಏನನ್ನಾದರೂ ಮಾರಬೇಕಾದರೆ ನೆಮ್ಮದಿಯಿಂದ ಮಾರಿ. ಆಗ ಮೂಲೆಯಲ್ಲಿ ಕುಳಿತ ಆ ಅತ್ತೆಯೂ ಆಶೀರ್ವಾದ ಮಾಡಿಯಾರು.